ಹಳೆಯ ದೋಣಿಯ ಜೀರ್ಣೋದ್ಧಾರ

೧೯೪೦ನೆಯ ಇಸವಿ ಮೇ ತಿಂಗಳ ೧೪ನೆಯ ತಾರೀಖು ಲಂಡನ್ನಿನ ಬಿ. ಬಿ. ಸಿ. ರೇಡಿಯೋ ಒಂದು ಪ್ರಕಟಣೆಯನ್ನು ಬಿತ್ತರಿಸಿತು. ತಮ್ಮದೇ ಯಂತ್ರಬಲದಿಂದ ನಡೆಯುವ, ೩೦ ಅಡಿಯಿಂದ ೧೦೦ ಅಡಿಯವರೆಗೆ ಉದ್ದವುಳ್ಳ ವಿಹಾರ ದೋಣಿಗಳನ್ನು ಇಟ್ಟುಕೊಂಡಿರುವವರೆಲ್ಲರೂ ೧೪ ದಿವಸಗಳೊಳಗಾಗಿ ಅವುಗಳ ವಿವರಗಳನ್ನು ನೌಕಾ ಇಲಾಖೆಗೆ ತಿಳಿಸಬೇಕೆಂಬುದು ಅದರ ಸಾರಾಂಶ. ಮಾತಿನಲ್ಲಿ ಆತುರವೇನೂ ಇರಲಿಲ್ಲ. ಮನೆಗಂದಾಯದ ನೋಟೀಸಿನಲ್ಲಿರುವಷ್ಟು ಬಿರುಸೂ ಇರಲಿಲ್ಲ. ಆದರೆ ಆ ವಾಯಿದೆ ತುಂಬುವುದರೊಳಗೇ, ೨೬ನೆಯ ತಾರೀಖು, ಫ್ರಾನ್ಸಿನ ಡಂಕರ್ಕ್ ತೀರದಲ್ಲಿ ಸಿಕ್ಕಿಬಿದ್ದಿದ್ದ ಸೈನ್ಯವನ್ನು ಕಡಲು ದಾಟಿಸುವ ಕೆಲಸ ಮೊದಲಾಗಿಹೋಯಿತು. ಜೂನ್ ೪ನೆಯ ತಾರೀಖಿನ ಹೊತ್ತಿಗೆ ೩,೩೮,೨೨೬ ಮಂದಿ ಇಂಗ್ಲೆಂಡನ್ನು ಮುಟ್ಟಿದ್ದರು.

ಈ ಕೆಲಸದಲ್ಲಿ ಪುಟ್ಟ ದೋಣಿಗಳ ಪಾಲೆಷ್ಟು ಎಂಬ ವಿಷಯದಲ್ಲಿ ಕಥೆ ಹೇಳುವವರು ಸ್ವಲ್ಪ ಕೈ ಸಡಿಲ ಬಿಟ್ಟಿದ್ದಾರೆ. ಲೆಕ್ಕ ನೋಡಿದರೆ, ೨,೩೯,೪೪೬ ಮಂದಿ ಬಂದರಿನ ಕಟ್ಟೆಯಿಂದಲೇ ದೊಡ್ಡ ಹಡಗುಗಳನ್ನು ಹತ್ತಿದರು. ಮರಳ ದಂಡೆಯಿಂದ ಬಂದವರು ೯೮,೭೮೦ ಮಂದಿ. ದೋಣಿಗಳನ್ನು ನಡೆಸಿದವರಲ್ಲಿಯೂ ಬಹುಮಂದಿ ನೌಕಾಪಡೆಯವರೇ ಹೊರತು ಯಜಮಾನರಲ್ಲ. ಆದರೂ ಆ ತೊಂಬತ್ತೆಂಟು ಸಾವಿರ ಜನರಿಗೆ ಬೇರೆ ಗತಿಯಿರಲಿಲ್ಲ. ಡಂಕರ್ಕಿನ ದಂಡೆ ಬಹು ದೂರದವರೆಗೆ ಆಳವಿಲ್ಲದ್ದು. ಹತ್ತು ಹನ್ನೆರಡು ಅಡಿ ನೀರು ಬೇಡುವ ಯುದ್ಧನೌಕೆ ಅಲ್ಲಿ ದಡದ ಹತ್ತಿರ ಸುಳಿಯುವಂತಿಲ್ಲ. ಎರಡು ಮೂರು ಅಡಿ ನೀರಿದ್ದರೆ ಸಾಕೆನ್ನುವ ಪುಟ್ಟ ದೋಣಿ, ಎದೆಮಟ್ಟದ ನೀರಿನಲ್ಲಿ ಸಾಲುಗಟ್ಟಿ ನಿಂತವರನ್ನು ಎತ್ತಿಕೊಂಡು ಹಡಗಿಗೆ ಮುಟ್ಟಿಸಬಲ್ಲದು.

ಕೇಳುಗರೇ, ಈ ಹೊತ್ತಿನ ಭಾಷಣ ಯುದ್ಧವನ್ನು ಕುರಿತುದಲ್ಲ. ಆ ದೋಣಿಗಳನ್ನು ಕುರಿತದ್ದು. ಅವುಗಳಲ್ಲಿ ಹಲವು ಇಂದಿಗೂ ನೀರಿನ ಮೇಲಿವೆ. ೧೯೬೫ರಲ್ಲಿ, ಇಪ್ಪತ್ತೈದು ವರ್ಷ ತುಂಬಿದ ನೆನಪಿಗಾಗಿ, ೪೩ ದೋಣಿಗಳು ಕೂಡಿ ಮತ್ತೊಮ್ಮೆ ಡಂಕರ್ಕಿಗೆ ಹೋಗಿಬಂದವು. ಈ ಯಾತ್ರೆಯನ್ನು ಏರ್ಪಡಿಸಿದವರು ರೇಮಂಡ್ ಬ್ಯಾಕ್ಸ್‌ಟರ್ ಎಂಬ ಪ್ರಸಿದ್ಧ ರೇಡಿಯೋ ಮಾತುಗಾರರು. ಯುದ್ಧಕಾಲದಲ್ಲಿ ವಿಮಾನ ಚಾಲಕರಾಗಿದ್ದವರು. ಸಂಸಾರದೊಡನೆ ವಿಹಾರಕ್ಕೆಂದು ಅವರು ಕೊಂಡಿದ್ದ ‘ಲೊರಾಜ್’ ಎಂಬ ಪುಟ್ಟ ದೋಣಿಯೂ ಡಂಕರ್ಕಿಗೆ ಹೋಗಿಬಂದದ್ದೇ ಆಗಿತ್ತು. ಆ ಯಾತ್ರೆಯಿಂದ ಹುಟ್ಟಿದ ದೋಣಿಗಳ ಸಂಘ ಇಂದೂ ಇದೆ. ೨೦೨೫ರ ಮೇ ತಿಂಗಳಲ್ಲಿ, ಎಂಬತ್ತೈದು ವರ್ಷಗಳ ತರುವಾಯ, ಅರವತ್ತಕ್ಕೂ ಹೆಚ್ಚು ದೋಣಿಗಳು ರ‍್ಯಾಮ್ಸ್‌ಗೇಟ್ ಬಂದರಿನಿಂದ ಹೊರಟು ಅದೇ ದಾರಿ ಹಿಡಿದವು. ಮರದಿಂದ ಮಾಡಿ ನೀರಿನಲ್ಲಿಟ್ಟ ವಸ್ತು ಎಂಬತ್ತೈದು ವರ್ಷ ಬಾಳುವುದೆಂದರೇನು? ತಾನಾಗಿಯೇ ಅದು ಬಾಳುವುದಿಲ್ಲ, ಯಾರೋ ಬಾಳಿಸಬೇಕು. ಹೇಗೆ ಬಾಳಿಸುತ್ತಾರೆಂಬುದನ್ನು ಇನ್ನು ನೋಡೋಣ.

ಕ್ಯಾಬಿನ್ ಕ್ರೂಸರ್ ಎಂದು ಕರೆಯುವ ಈ ದೋಣಿ ಎಂಥದೆಂದು ಮೊದಲು ಹೇಳಬೇಕು. ೧೯೨೦ನೆಯ ಮತ್ತು ೩೦ನೆಯ ದಶಕಗಳಲ್ಲಿ ಥೇಮ್ಸ್ ನದಿಯ ದಂಡೆಯ ಕಾರ್ಖಾನೆಗಳಲ್ಲಿ ಇವು ನೂರಾರು ತಯಾರಾದವು. ಮೂವತ್ತು ನಲವತ್ತು ಅಡಿ ಉದ್ದ, ಎಂಟೊಂಬತ್ತು ಅಡಿ ಅಗಲ. ನಡುವೆ ಮೋಟಾರು ಯಂತ್ರ. ಮುಂದೆ ಎರಡು ಮಂಚಗಳ ಒಂದು ಕೋಣೆ, ಒಲೆಯಿಡುವುದಕ್ಕೆ ಒಂದು ಮೂಲೆ, ನೇರವಾಗಿ ನಿಲ್ಲಲಾರದ ಒಂದು ಶೌಚಗೃಹ. ನಗರದ ವಕೀಲನೋ ವೈದ್ಯನೋ ಶನಿವಾರ ಮಧ್ಯಾಹ್ನ ಬೀಗ ತೆಗೆದು ಭಾನುವಾರ ಸಂಜೆ ಬೀಗ ಹಾಕುವ ಸುಖದ ವಸ್ತು. ಅಡಿಮರ ಮತ್ತು ಪಕ್ಕೆಲುಬುಗಳು ಓಕ್ ಮರದವು; ಹೊರಗಿನ ಹಲಗೆ ಮಹಾಗನಿ, ಪಿಚ್ ಪೈನ್ ಅಥವಾ ತೇಗದ್ದು. ಬರ್ಮಾದೇಶದ ತೇಗವನ್ನು ಅವರು ಬಂಗಾರದಂತೆ ಕಾಣುತ್ತಿದ್ದರು. ನಮ್ಮ ಮಲೆನಾಡಿನವರು ಅದೇ ಮರವನ್ನು ಬಾಗಿಲ ಚೌಕಟ್ಟಿಗೆ ಹಾಕಿ ಮರೆತಿರುತ್ತಾರೆ.

ಇಂಥ ದೋಣಿಯೊಂದು ಇಪ್ಪತ್ತು ವರ್ಷ ಯಾವುದೋ ಕೊರಕಲಿನ ಕೆಸರಿನಲ್ಲಿ ಟಾರ್ಪಾಲಿನಡಿ ಮಲಗಿದೆಯೆಂದು ಭಾವಿಸಿ. ಕೊಳ್ಳಲು ಬಂದವನು ಮೊದಲು ನೋಡುವುದು ಅದರ ಬಣ್ಣವನ್ನು. ತಿಳಿದವನು ಒಂದು ಸಣ್ಣ ಸುತ್ತಿಗೆಯನ್ನು ತರುತ್ತಾನೆ. ಹಲಗೆಯ ಮೇಲೆ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಮರ ಕಣಕಣ ಎನ್ನುತ್ತದೆ. ಲಡ್ಡು ಹಿಡಿದ ಮರ ತೆಂಗಿನ ಬುರುಡೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ಹೀಗೆ ತಟ್ಟಿ ನೋಡಿದವನಿಗೆ ಒಂದು ವಿಚಿತ್ರ ಕಂಡುಬರುತ್ತದೆ. ಸದಾ ನೀರಿನಲ್ಲಿದ್ದ ಅಡಿಭಾಗ ಎಷ್ಟೋ ವೇಳೆ ಗಟ್ಟಿಯಾಗಿರುತ್ತದೆ. ನೀರನ್ನೇ ಮುಟ್ಟದ ಮೇಲ್ಭಾಗ ಬೆರಳಿಗೆ ಪುಡಿಯಾಗುತ್ತದೆ. ದೋಣಿಗೆ ಶತ್ರು ಕೆಳಗಿನ ನೀರಲ್ಲ, ಮೇಲಿನ ಮಳೆ. ಮರವನ್ನು ತಿನ್ನುವ ಬೂಷ್ಟಿಗೆ ತೇವವೂ ಬೇಕು, ಗಾಳಿಯೂ ಬೇಕು. ಪೂರ್ತಿ ನೆನೆದ ಮರದಲ್ಲಿ ಗಾಳಿಯಿಲ್ಲ. ಉಪ್ಪು ನೀರಂತೂ ಅದಕ್ಕೆ ಆಗುವುದೇ ಇಲ್ಲ. ಕಿಟಕಿಯ ಕೆಳಗಿನ ಮೂಲೆ, ಕೋಣೆಯ ಗೋಡೆ ಮೇಲಟ್ಟವನ್ನು ಸೇರುವ ಸಂದು, ಗಾಳಿಯಾಡದ ಕಪಾಟಿನ ಹಿಂಬದಿ—ಇಲ್ಲಿ ಸೇರಿದ ಸಿಹಿನೀರೇ ಮೃತ್ಯು. ಹಾಗಾಗಿ ಟಾರ್ಪಾಲನ್ನು ಬಿಗಿಯಾಗಿ ಹೊದಿಸಿ ದೋಣಿಯನ್ನು ಕಾಪಾಡಿದೆವೆಂದುಕೊಂಡವರು ಅದಕ್ಕೆ ಮುಚ್ಚಿದ ಪಾತ್ರೆಯಲ್ಲಿ ಮೊಳಕೆ ಕಟ್ಟುವ ಉಪಚಾರವನ್ನು ಮಾಡಿರುತ್ತಾರೆ.

ಇನ್ನು ದುರಸ್ತಿ. ಆತುರಗಾರನು ಹಾಳಾದ ಹಲಗೆಗಳನ್ನೆಲ್ಲ ಒಟ್ಟಿಗೆ ಕಿತ್ತುಹಾಕುತ್ತಾನೆ. ಮರುದಿನ ನೋಡಿದರೆ ದೋಣಿ ದೋಣಿಯ ಆಕಾರದಲ್ಲಿರುವುದಿಲ್ಲ. ನಡು ಬಾಗಿ, ಎರಡು ತುದಿಗಳೂ ಜೋತುಬಿದ್ದಿರುತ್ತವೆ. ಹಲಗೆಯೂ ಪಕ್ಕೆಲುಬೂ ಒಂದನ್ನೊಂದು ಹಿಡಿದು ನಿಂತಿರುವ ಕಟ್ಟಡ ಅದು. ಆದುದರಿಂದ ಒಡಲಿಗೆ ಸುತ್ತಲೂ ಊರೆ ಕೊಟ್ಟು, ಒಳಗೆ ಅಡ್ಡಪಟ್ಟಿ ಹೊಡೆದು, ಅಳತೆ ಬರೆದುಕೊಂಡು, ಒಂದು ಬಿಟ್ಟು ಒಂದರಂತೆ ಪಕ್ಕೆಲುಬುಗಳನ್ನು ಬದಲಾಯಿಸುತ್ತ ಹೋಗಬೇಕು. ಓಕ್ ಮರದ ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು ಹಬೆಗೆ ಬೇಯಿಸುತ್ತಾರೆ. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆಯೆಂಬುದು ಬಡಗಿಗಳ ಲೆಕ್ಕ. ನಮ್ಮ ಮನೆಗಳಲ್ಲಿ ಇಡ್ಲಿಯನ್ನು ಬೇಯಿಸುವ ನ್ಯಾಯವೇ. ಆದರೆ ಹೊರತೆಗೆದ ಮೇಲೆ ಅರೆನಿಮಿಷವೂ ಸಾವಕಾಶವಿಲ್ಲ. ಇಬ್ಬರು ಕೈಗೂಡಿಸಿ ಓಡಿಬಂದು ಒಡಲಿನ ಒಳಮೈಗೆ ಅದನ್ನು ಬಗ್ಗಿಸಿ ಒತ್ತಬೇಕು. ತಣಿದರೆ ಮುರಿಯುತ್ತದೆ. ಮೊಳೆ ಹೊಡೆಯುವುದೂ ಇಬ್ಬರ ಕೆಲಸ. ತಾಮ್ರದ ಮೊಳೆಯ ತಲೆಗೆ ಹೊರಗಡೆ ಒಬ್ಬನು ಕಬ್ಬಿಣದ ಗುಂಡನ್ನು ಅದುಮಿ ಹಿಡಿಯುತ್ತಾನೆ. ಒಳಗಿರುವವನು ಮೊಳೆಯ ತುದಿಗೆ ತಾಮ್ರದ ಬಿಲ್ಲೆ ತೊಡಿಸಿ, ಹೆಚ್ಚಿನದನ್ನು ಕತ್ತರಿಸಿ, ತುದಿಯನ್ನು ತಟ್ಟಿ ಅರಳಿಸುತ್ತಾನೆ. ಒಂದು ದೋಣಿಗೆ ಇಂಥ ಮೊಳೆಗಳು ಸಾವಿರಾರು. ಒಬ್ಬನೇ ಕುಳಿತು ಹಳೆಯ ದೋಣಿಯನ್ನು ಉದ್ಧಾರ ಮಾಡುತ್ತೇನೆಂದು ಹೊರಟ ಸಾಹಸಿಗಳು ಸಾಮಾನ್ಯವಾಗಿ ಇಲ್ಲಿಗೆ ಬಂದಾಗ ಮದುವೆಯ ಸುಖವನ್ನೋ ನೆರೆಯವರ ಸ್ನೇಹವನ್ನೋ ನೆನೆಯತೊಡಗುತ್ತಾರೆ.

ಲೋಹಗಳ ವಿಷಯದಲ್ಲಿಯೂ ಎಚ್ಚರ ಬೇಕು. ಓಕ್ ಮರದಲ್ಲಿರುವ ಹುಳಿ ಕಬ್ಬಿಣವನ್ನು ತಿನ್ನುತ್ತದೆ. ಉಪ್ಪು ನೀರಿನಲ್ಲಿ ಎರಡು ಬೇರೆ ಬೇರೆ ಲೋಹಗಳು ಹತ್ತಿರವಿದ್ದರೆ ವಿದ್ಯುತ್ತು ಹರಿದು ದುರ್ಬಲವಾದದ್ದು ಕರಗುತ್ತದೆ. ಹಿತ್ತಾಳೆಯ ತಿರುಪಿನಿಂದ ಸತುವು ಸೋರಿಹೋಗಿ, ನೋಡುವುದಕ್ಕೆ ತಿರುಪಾಗಿಯೇ ಇದ್ದು, ಮುಟ್ಟಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಅಗ್ಗವೆಂದು ಹಿತ್ತಾಳೆಯನ್ನು ಹಾಕಿ ಹತ್ತು ವರ್ಷದ ಮೇಲೆ ಹಲಗೆ ಕಳಚಿಕೊಂಡಾಗ ಕಂಚಿನ ಬೆಲೆ ತಿಳಿಯುತ್ತದೆ.

ಹೀಗೆ ಹಲಗೆ, ಪಕ್ಕೆಲುಬು, ಮೊಳೆ ಎಲ್ಲವನ್ನೂ ಬದಲಾಯಿಸಿದ ಮೇಲೆ ಅದು ಹಳೆಯ ದೋಣಿಯೇ ಎಂದು ಕೇಳುವವರು ಉಂಟು. ಪಾಶ್ಚಾತ್ಯ ತತ್ತ್ವಜ್ಞರಿಗೆ ಇದು ಎರಡು ಸಾವಿರ ವರ್ಷಗಳ ಹಳೆಯ ತಲೆನೋವು. ನಮಗೆ ಇದರಲ್ಲಿ ಅಂಥ ಬೆರಗೇನೂ ಕಾಣದು. ಊರ ರಥದ ಚಕ್ರ ಸವೆದರೆ ಹೊಸ ಚಕ್ರ ಹಾಕುತ್ತೇವೆ. ಅಚ್ಚು ಮುರಿದರೆ ಹೊಸ ಅಚ್ಚು. ಮೊಮ್ಮಕ್ಕಳ ಕಾಲಕ್ಕೆ ಹಳೆಯ ಮರದ ತುಂಡೊಂದೂ ಉಳಿಯದಿದ್ದರೂ ಅದು ಅದೇ ದೇವರ ಅದೇ ರಥ. ಅಳತೆ ಅದೇ, ಕಟ್ಟುವ ರೀತಿ ಅದೇ, ಎಳೆಯುವ ಬೀದಿ ಅದೇ. ಆದರೆ ಈ ಸಮಾಧಾನವನ್ನು ಎಲ್ಲೆಲ್ಲಿಯೂ ಎಳೆದು ತರುವುದು ಸರಿಯಲ್ಲ. ಹೊಯ್ಸಳರ ಕಾಲದ ಗುಡಿಗೆ ಸುಣ್ಣವನ್ನೂ ಎಣ್ಣೆಬಣ್ಣವನ್ನೂ ಬಳಿದು, ಜೀರ್ಣೋದ್ಧಾರವಾಯಿತೆಂದು ಕಲ್ಲಿನಲ್ಲಿ ಹೆಸರು ಕೆತ್ತಿಸಿದ ಪುಣ್ಯವಂತರೂ ನಮ್ಮಲ್ಲಿ ಇದ್ದಾರೆ. ದೋಣಿಗಳಿಗೂ ಇಂಥ ಭಕ್ತರುಂಟು. ಒಡಲಿನ ಹೊರಗೆ ಗಾಜಿನ ನಾರು ಮತ್ತು ಅಂಟುಗಳ ಹೊದಿಕೆಯನ್ನು ಬಿಗಿದು, ಇನ್ನು ಸೋರದೆಂದು ನೆಮ್ಮದಿಯಿಂದಿರುತ್ತಾರೆ. ಒಳಗೆ ಸೇರಿದ ತೇವ ಹೊರಗೆ ಹೋಗಲಾರದೆ ಮರ ಕೊಳೆಯುತ್ತದೆ. ಹೊದಿಕೆ ಮಾತ್ರ ಥಳಥಳಿಸುತ್ತಿರುತ್ತದೆ.

ಇದಕ್ಕಿಂತ ಕಠಿನವಾದ ಪ್ರಶ್ನೆ ಇನ್ನೊಂದಿದೆ: ದೋಣಿಯನ್ನು ಯಾವ ಇಸವಿಗೆ ತಂದು ನಿಲ್ಲಿಸಬೇಕು? ‘ಸನ್‌ಡೌನರ್’ ಎಂಬ ದೋಣಿಯ ವೃತ್ತಾಂತವನ್ನು ನೋಡಿ. ಅದು ೧೯೧೨ರಲ್ಲಿ ನೌಕಾಪಡೆಗಾಗಿ ಕಟ್ಟಿದ ಹಬೆಯಂತ್ರದ ದೋಣಿ. ಅದೇ ವರ್ಷ ಟೈಟಾನಿಕ್ ಹಡಗು ಮುಳುಗಿದಾಗ ಬದುಕಿಬಂದ ಅಧಿಕಾರಿಗಳಲ್ಲಿ ಹಿರಿಯರಾದವರು ಚಾರ್ಲ್ಸ್ ಲೈಟೋಲರ್. ಅವರು ೧೯೨೯ರಲ್ಲಿ ಈ ದೋಣಿಯ ಬರಿಯ ಒಡಲನ್ನು ಕೊಂಡು, ಹಿಂಭಾಗವನ್ನು ಬೆಳೆಸಿ, ೫೮ ಅಡಿಯ ವಿಹಾರ ದೋಣಿಯನ್ನಾಗಿ ಮಾಡಿಕೊಂಡರು. ೧೯೪೦ರಲ್ಲಿ ನೌಕಾಪಡೆ ಅದನ್ನು ಕೇಳಿದಾಗ, ನಡೆಸುವುದಾದರೆ ತಾವೇ ನಡೆಸುವುದಾಗಿ ಹೇಳಿ, ಆರವತ್ತಾರು ವರ್ಷದ ಆ ಮುದುಕರು ಹಿರಿಯ ಮಗನನ್ನೂ ಒಬ್ಬ ಸ್ಕೌಟ್ ತರುಣನನ್ನೂ ಕರೆದುಕೊಂಡು ಹೊರಟರು. ಅದಕ್ಕೆ ಮುಂಚೆ ದೋಣಿಯಲ್ಲಿ ಕಳಚಬಹುದಾದ ಸಾಮಾನನ್ನೆಲ್ಲ ಕಳಚಿ ಹೊರಗಿಟ್ಟರು. ಅದುವರೆಗೆ ಎಂದೂ ೨೧ಕ್ಕಿಂತ ಹೆಚ್ಚು ಜನರನ್ನು ಹೊತ್ತಿರದ ದೋಣಿ ಜೂನ್ ೧ರಂದು ಸುಮಾರು ೧೩೦ ಸೈನಿಕರನ್ನು ಹೊತ್ತು ತಂದಿತು. ತಲೆಗೆ ೧೫೦ ಪೌಂಡಿನಂತೆ ಹಿಡಿದರೂ ಎಂಟೂವರೆ ಟನ್ನಿಗೆ ಮೀರಿದ ಭಾರ.

ಈ ದೋಣಿಯನ್ನು ಜೀರ್ಣೋದ್ಧಾರ ಮಾಡುವವನು ಯಾವ ರೂಪವನ್ನು ಹಿಡಿಯಬೇಕು? ಕಟ್ಟಿದವರ ಮೂಲರೂಪವೇ ಶುದ್ಧವೆಂದು ೧೯೧೨ಕ್ಕೆ ಹೋದರೆ, ಲೈಟೋಲರರು ಬೆಳೆಸಿದ ಹಿಂಭಾಗವನ್ನು ಕತ್ತರಿಸಬೇಕಾದೀತು. ಡಂಕರ್ಕಿಗೆ ಹೋದ ದೋಣಿಯೇ ಇಲ್ಲವಾದೀತು. ೧೯೩೦ರ ಚಂದದ ಕೋಣೆಯನ್ನು ಮತ್ತೆ ಅಣಿಗೊಳಿಸಿದರೆ, ಅದು ಹೊರಗೆಸೆದು ಹೋದ ಸಾಮಾನನ್ನೇ ಮತ್ತೆ ತುಂಬಿದಂತೆ. ೧೯೪೦ರ ಬರಿದಾದ ಒಡಲನ್ನೇ ಉಳಿಸಿಕೊಂಡರೆ ಅದರಲ್ಲಿ ಒಂದು ರಾತ್ರಿ ಮಲಗುವಂತಿಲ್ಲ. ನನ್ನ ಅಭಿಪ್ರಾಯವನ್ನು ಕೇಳಿದರೆ, ದೋಣಿಗೆ ಹೆಸರು ಬಂದದ್ದು ಯಾವ ರೂಪದಲ್ಲಿಯೋ ಆ ರೂಪದ ಒಡಲನ್ನು ಮುಟ್ಟಬಾರದು. ಒಳಗಿನ ಏರ್ಪಾಟನ್ನು ಇರುವವರ ಅನುಕೂಲಕ್ಕೆ ಬಿಡಬಹುದು, ಆದರೆ ಮುಂದೆ ಬರುವವನು ಗುರುತಿಲ್ಲದಂತೆ ಕಳಚಿಹಾಕಲು ಬರುವಂತೆ ಮಾಡಿರಬೇಕು. ಹಳೆಯ ಏಟಿನ ಗುರುತಿಗೆ ತೇಪೆ ಹಾಕಿದ ಹಲಗೆಯೊಂದು ಗಟ್ಟಿಯಾಗಿದ್ದರೆ, ನೋಟಕ್ಕೆ ಅಂದವಿಲ್ಲವೆಂದು ಅದನ್ನು ಕಿತ್ತುಹಾಕುವ ಬಡಗಿಯನ್ನು ಆ ದಿನವೇ ಕೂಲಿ ಕೊಟ್ಟು ಕಳುಹಿಸಬೇಕು. ವಸ್ತುಸಂಗ್ರಹಾಲಯದಲ್ಲಿಟ್ಟರೆ ಈ ತಾಪತ್ರಯವಿಲ್ಲ, ನಿಜ. ‘ಟ್ಯಾಮ್ಜೀನ್’ ಎಂಬ, ಹದಿನೈದು ಅಡಿ ತುಂಬದ ಮೀನುಗಾರರ ತೆರೆದ ದೋಣಿ, ಡಂಕರ್ಕಿಗೆ ಹೋದವುಗಳಲ್ಲಿ ಅತ್ಯಂತ ಚಿಕ್ಕದೆಂದು ಹೆಸರಾದದ್ದು, ಇಂಪೀರಿಯಲ್ ಯುದ್ಧ ಸಂಗ್ರಹಾಲಯವನ್ನು ಸೇರಿತು. ಅದರ ಮರ ಅಂದಿನ ಮರವೇ. ಆದರೆ ಒಣಗಿ ನಿಂತ ಆ ದೋಣಿ ಇನ್ನು ತೇಲಬೇಕಾಗಿಲ್ಲ. ತೇಲಬೇಕಾದದ್ದಕ್ಕೆ ಹೊಸ ಮರ ಬೇಕೇ ಬೇಕು.

ಒಳಗಿನ ಏರ್ಪಾಟಿನ ಮಾತು ಬಂತು. ಮನೆ ಕಟ್ಟಿಸುವವನಿಗೆ ಭಾರದ ಚಿಂತೆಯಿಲ್ಲ. ಕಲ್ಲಿನ ಒರಳು ಅಡುಗೆಯ ಮನೆಯ ಯಾವ ಮೂಲೆಯಲ್ಲಿದ್ದರೂ ಮನೆ ವಾಲುವುದಿಲ್ಲ. ದೋಣಿಯಲ್ಲಿ ನಲವತ್ತು ಗ್ಯಾಲನ್ ನೀರಿನ ತೊಟ್ಟಿಯನ್ನು ಬಲಗಡೆ ಇಟ್ಟಿರೆಂದರೆ ನಾನೂರು ಪೌಂಡು ಬಲಕ್ಕೆ ಬಿತ್ತು. ಎಡಗಡೆ ಅಷ್ಟೇ ಭಾರದ ವಿದ್ಯುತ್ಕೋಶಗಳನ್ನೋ ಇನ್ನೇನನ್ನೋ ಇಡಬೇಕು. ಮೇಲೆ ಹೊಸದಾಗಿ ಮಾಡಿಸಿದ ಎತ್ತರದ ಕೋಣೆ, ಅದರ ಮೇಲೊಂದು ಆಸನ, ಅದಕ್ಕೊಂದು ಕೊಡೆ ಎನ್ನುತ್ತ ಹೋದರೆ ಭಾರವೆಲ್ಲ ಮೇಲಕ್ಕೇರಿ, ಅಲೆಗೆ ದೋಣಿ ಕುಡಿದವನಂತೆ ತೂಗುತ್ತದೆ. ಹಳೆಯ ಯಂತ್ರವನ್ನು ತೆಗೆದು ಹಗುರವಾದ ಹೊಸ ಡೀಸೆಲ್ ಯಂತ್ರವನ್ನು ಇಟ್ಟವರು, ದೋಣಿ ನೀರಿನಿಂದ ಎದ್ದು ನಿಂತದ್ದನ್ನು ಕಂಡು, ಸೀಸದ ಗಟ್ಟಿಗಳನ್ನು ತಂದು ತಳಕ್ಕೆ ತುಂಬುವುದುಂಟು. ಹಳೆಯ ಯಂತ್ರ ಎಳೆಯುವ ಕೆಲಸದ ಜೊತೆಗೆ ಸುಮ್ಮನೆ ಕುಳಿತಿರುವ ಕೆಲಸವನ್ನೂ ಮಾಡುತ್ತಿತ್ತೆಂಬುದು ಆಮೇಲೆ ಹೊಳೆಯುತ್ತದೆ. ಕಪಾಟುಗಳ ಬಾಗಿಲಿಗೆ ತೂತುಗಳನ್ನು ಕೊರೆಯಬೇಕು; ಹಾಸಿಗೆಯ ಕೆಳಗೆ ಪಟ್ಟಿಗಳ ನಡುವೆ ಸಂದು ಬಿಡಬೇಕು. ಒಳಗೋಡೆಗೆ ಚಂದದ ಹಲಗೆಯನ್ನು ಸಂದಿಲ್ಲದಂತೆ ಜಡಿದು ಮುಚ್ಚಿದವನು ಹಿಂದೆ ಹೇಳಿದ ಬೂಷ್ಟಿಗೆ ಮನೆ ಕಟ್ಟಿಸಿಕೊಟ್ಟಂತಾಯಿತು.

ಬೆಂಕಿಯ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಏಕೆಂದರೆ ಮಿಕ್ಕ ತಪ್ಪುಗಳಿಂದ ಹಣ ಹೋಗುತ್ತದೆ, ಇದರಿಂದ ಜೀವ ಹೋಗುತ್ತದೆ. ಹಳೆಯ ದೋಣಿಗಳಲ್ಲಿ ಬಹಳವು ಪೆಟ್ರೋಲಿನಿಂದ ನಡೆಯುತ್ತಿದ್ದವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ಮೋಟಾರು ಕಾರಿನಲ್ಲಿ ಸೋರಿದರೆ ಕೆಳಗೆ ಬಿದ್ದು ಬಯಲಿಗೆ ಹೋಗುತ್ತದೆ. ದೋಣಿಗೆ ತೂತಿಲ್ಲದ ತಳವಿದೆ, ಅಲ್ಲಿಯೇ ಕೆರೆಯಂತೆ ನಿಲ್ಲುತ್ತದೆ. ಅಡುಗೆಯ ಅನಿಲದ ಸ್ವಭಾವವೂ ಹಾಗೆಯೇ. ಬೆಳಗ್ಗೆ ಎದ್ದು ಯಂತ್ರವನ್ನು ಚಾಲೂ ಮಾಡಿದಾಗ ಹಾರುವ ಒಂದು ಕಿಡಿ ಸಾಕು. ಆದುದರಿಂದ ಯಂತ್ರವನ್ನು ಮುಟ್ಟುವ ಮೊದಲು ತಳದ ಗಾಳಿಯನ್ನು ಬೀಸಣಿಗೆಯಿಂದ ಹೊರಗೆಳೆಯಬೇಕು. ಅನಿಲದ ಸಿಲಿಂಡರನ್ನು ಕೋಣೆಯ ಹೊರಗೆ, ತಳದಲ್ಲಿ ರಂಧ್ರವಿದ್ದು ಆ ರಂಧ್ರ ದೋಣಿಯ ಹೊರಗೆ ತೆರೆಯುವ ಪೆಟ್ಟಿಗೆಯಲ್ಲಿಡಬೇಕು. ಬ್ರಿಟನ್ನಿನ ಒಳನಾಡಿನ ಜಲಮಾರ್ಗಗಳಲ್ಲಿ ಇದನ್ನೆಲ್ಲ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕೆಂಬ ಕಟ್ಟಳೆಯಿದೆ. ದುರಸ್ತಿಯ ಸ್ಥಳದಲ್ಲಿಯೂ ಅಪಾಯ ತಪ್ಪಿದ್ದಲ್ಲ. ಥೇಮ್ಸ್ ನದಿಯ ಪ್ಲಾಟ್ಸ್ ಐಟ್ ಎಂಬ ದ್ವೀಪದಲ್ಲಿ ಹಳೆಯ ಕಾಲದಿಂದ ದೋಣಿ ಕಟ್ಟುವ ಕೊಟ್ಟಿಗೆಗಳಿದ್ದವು. ೨೦೨೧ರ ಮೇ ತಿಂಗಳಲ್ಲಿ ಅಲ್ಲಿ ಬೆಂಕಿ ಬಿದ್ದು ಡಂಕರ್ಕಿಗೆ ಹೋಗಿಬಂದ ದೋಣಿಗಳೂ ಉರಿದುಹೋದವು. ಬಾಂಬುಗಳ ನಡುವಿನಿಂದ ಬಂದದ್ದು ಒಂದು ಮಧ್ಯಾಹ್ನದೊಳಗೆ ಬೂದಿಯಾಯಿತು.

ಕಡೆಯ ಕೆಲಸ ಸಂದುಗಳನ್ನು ತುಂಬುವುದು. ಎರಡು ಹಲಗೆಗಳ ನಡುವೆ ಹತ್ತಿಯ ಎಳೆಯನ್ನೋ, ಸಂದು ಅಗಲವಾಗಿದ್ದರೆ ಟಾರು ಹಚ್ಚಿದ ನಾರನ್ನೋ, ಮೊಂಡು ಉಳಿಯಿಂದ ಒತ್ತಿ ಕೂರಿಸಿ, ಮೇಲೆ ಲಪ್ಪ ಮೆತ್ತುತ್ತಾರೆ. ಎಷ್ಟು ಬಿಗಿಯಾಗಿ ಒತ್ತಬೇಕೆಂಬುದರಲ್ಲಿಯೇ ಇದರ ವಿದ್ಯೆಯೆಲ್ಲ ಇದೆ. ವರ್ಷಗಟ್ಟಲೆ ದಡದ ಮೇಲೆ ನಿಂತ ದೋಣಿಯ ಹಲಗೆಗಳು ಒಣಗಿ ಕುಗ್ಗಿರುತ್ತವೆ. ಸಂದುಗಳು ಬೆಳಕು ತೂರುವಷ್ಟು ಬಾಯಿಬಿಟ್ಟಿರುತ್ತವೆ. ಕಂಡವನಿಗೆ ದಿಗಿಲಾಗಿ ಅವುಗಳನ್ನು ಗಟ್ಟಿಯಾಗಿ ಜಡಿದು ತುಂಬಬೇಕೆನ್ನಿಸುತ್ತದೆ. ಹಾಗೆ ತುಂಬಿದ ದೋಣಿ ನೀರಿಗೆ ಬಿದ್ದೊಡನೆ ಹಲಗೆಗಳು ನೀರು ಕುಡಿದು ಉಬ್ಬುತ್ತವೆ; ಉಬ್ಬುವುದಕ್ಕೆ ಎಡೆಯಿಲ್ಲದೆ ಪಕ್ಕೆಲುಬುಗಳನ್ನು ಮುರಿಯುತ್ತವೆ, ಮೊಳೆಗಳನ್ನು ಕೀಳುತ್ತವೆ. ಅನುಭವವುಳ್ಳ ಬಡಗಿ ಹದವಾಗಿ ತುಂಬಿ, ಒಂದು ವಾರ ಮೊದಲೇ ಒಳಗೆ ಒದ್ದೆಯ ಕಂಬಳಿ ಹಾಸಿ, ಬೆಳಗೂ ಬೈಗೂ ನೀರು ಚಿಮುಕಿಸಿ, ಮರಕ್ಕೆ ನೀರಿನ ಪರಿಚಯವನ್ನು ಮಾಡಿಸುತ್ತಾನೆ.

ಆಮೇಲೆ ದೋಣಿಯನ್ನು ನೀರಿಗಿಳಿಸುತ್ತಾರೆ. ಅದು ಸೋರುತ್ತದೆ. ನೋಡಲು ಬಂದ ಬಂಧುಮಿತ್ರರು ಮುಖ ಮುಖ ನೋಡಿಕೊಳ್ಳುತ್ತಾರೆ. ಬಡಗಿ ಮಾತನಾಡುವುದಿಲ್ಲ. ಎತ್ತುವ ಪಟ್ಟಿಗಳಲ್ಲಿಯೇ ದೋಣಿಯನ್ನು ಆ ರಾತ್ರಿ ಹಿಡಿದಿಟ್ಟು, ಪಕ್ಕದಲ್ಲಿ ಪಂಪನ್ನು ಹೂಡಿ, ಯಾರಾದರೂ ಒಬ್ಬರು ದೀಪ ಇಟ್ಟುಕೊಂಡು ಕಾದು ಕುಳಿತಿರುತ್ತಾರೆ. ಮೊದಲ ಗಂಟೆಗಳಲ್ಲಿ ಪಂಪಿಗೆ ಬಿಡುವಿರುವುದಿಲ್ಲ. ನಡುರಾತ್ರಿಯ ಹೊತ್ತಿಗೆ ಗಂಟೆಗೊಮ್ಮೆ ಒತ್ತಿದರೆ ಸಾಕಾಗುತ್ತದೆ. ಎರಡನೆಯ ದಿನ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೂರನೆಯ ದಿನವೋ ನಾಲ್ಕನೆಯ ದಿನವೋ ಹಲಗೆಗೆ ಹಲಗೆ ಒತ್ತಿ ಕೂತು, ತಳದಲ್ಲಿ ಒಂದು ಬೊಗಸೆ ನೀರು ಮಾತ್ರ ಉಳಿದಿರುವಾಗ ಎತ್ತುವ ಪಟ್ಟಿಗಳನ್ನು ಬಿಚ್ಚುತ್ತಾರೆ.